ಸಿಂಗಲ್ ಪ್ಲೇಟಿನ ಬಿ ಸೈಡು

ಏಳು ಇಂಚಿನ ಗ್ರಾಮಫೋನ್ ಪ್ಲೇಟು ಕೈಗೆ ಬಂದರೆ ನಾನು ಮೊದಲು ಹಾಕೋದು ಬಿ ಸೈಡು, ಅಂದರೆ ಹಿಂಬದಿ. ಎ ಸೈಡಿನ ಹಾಡು ಹೇಗೂ ಎಲ್ಲ ಕಡೆ ಸಿಗುತ್ತದೆ. ಫೋನಿನಲ್ಲಿದೆ, ರೇಡಿಯೋದಲ್ಲಿ ಬರುತ್ತದೆ, ಯಾರದೋ ಕಾರಿನಲ್ಲೂ ಕೇಳಿಸುತ್ತದೆ. ಅದರ ಬೆನ್ನಿಗೇ ಬಂದ ಇನ್ನೊಂದು ಹಾಡು ಇರುತ್ತದಲ್ಲ, ಅದನ್ನು ಹುಡುಕಿಕೊಂಡು ಹೋಗಿ ಕೇಳುವವರು ಕಡಿಮೆ. ಇಂಗ್ಲೆಂಡಿನ ಬೀಟಲ್ಸ್ ತಂಡದ ಸಿಂಗಲ್ ಬಾಕ್ಸ್ ಸೆಟ್ಟಿಗೆ ಅಷ್ಟು ದುಡ್ಡು ಯಾಕೆ ಹಾಕ್ತೀಯ ಅಂತ ಮನೆಯಲ್ಲಿ, ಪ್ರೆಸ್ಸಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಎಲ್ಲ ಕಡೆ ಕೇಳಿದ್ದಾರೆ. ಬಿ ಸೈಡಿಗೋಸ್ಕರ ಅನ್ನೋದೇ ನನ್ನ ಉತ್ತರ.

ನಾನು ಮೈಸೂರಿನವನು. ಕೆ.ಆರ್. ಮೊಹಲ್ಲಾದಲ್ಲಿ ನಮ್ಮದೊಂದು ಸಣ್ಣ ಆಫ್‌ಸೆಟ್ ಪ್ರೆಸ್ಸು. ಅಪ್ಪನ ಕಾಲದಲ್ಲಿ ಮೊಳೆ ಜೋಡಿಸಿ, ಟ್ರೆಡಲ್ ಮೆಷಿನ್ನಿನಲ್ಲಿ ಅಚ್ಚು ಹಾಕುತ್ತಿದ್ದರು. ಈಗ ಲಗ್ನಪತ್ರಿಕೆ, ಬಿಲ್ ಬುಕ್ಕು, ಸಿಹಿತಿಂಡಿ ಅಂಗಡಿಯವರ ಡಬ್ಬಿ, ಒಮ್ಮೊಮ್ಮೆ ಒಂದು ಕವನ ಸಂಕಲನ. ಆಷಾಢ ಬಂತು ಅಂದರೆ ಲಗ್ನಪತ್ರಿಕೆ ನಿಲ್ಲುತ್ತದೆ. ಊರಿನ ಅರ್ಧ ಜನ ಶುಕ್ರವಾರ ಚಾಮುಂಡಿ ಬೆಟ್ಟದಲ್ಲಿ ಕ್ಯೂ ನಿಂತಿರುತ್ತಾರೆ. ಪ್ರೆಸ್ಸು ಖಾಲಿ. ನಾನು ಪ್ಲೇಟುಗಳನ್ನು ಈಚೆ ತೆಗೆಯೋದು ಆವಾಗಲೇ.

ಸಿಂಗಲ್ ಅಂದರೆ ಏನು ಅಂತ ಸ್ವಲ್ಪ ಹೇಳಿಬಿಡುತ್ತೇನೆ. ಏಳು ಇಂಚು ಅಗಲ, ನಿಮಿಷಕ್ಕೆ 45 ಸುತ್ತು, ಒಂದೊಂದು ಬದಿಗೆ ಒಂದೊಂದೇ ಹಾಡು. ಅಮೆರಿಕದ ಆರ್‌ಸಿಎ ವಿಕ್ಟರ್ ಕಂಪನಿ ಇದನ್ನು 1949ರಲ್ಲಿ ತಂದಿತು. ಅದರ ಹಿಂದಿನ ವರ್ಷವೇ ಕೊಲಂಬಿಯಾದವರು ಹತ್ತಾರು ಹಾಡು ಹಿಡಿಯೋ ದೊಡ್ಡ ಎಲ್‌ಪಿ ತಂದಿದ್ದರು. ಎಲ್‌ಪಿ ಹಾಕಿದರೆ ಇಪ್ಪತ್ತು ನಿಮಿಷ ನೀವು ಕೂತಲ್ಲೇ ಕೂರಬಹುದು. ಸಿಂಗಲ್ ಹಾಗಲ್ಲ. ಎರಡೂವರೆ ನಿಮಿಷಕ್ಕೆ ಎದ್ದು ಹೋಗಬೇಕು, ತಿರುಗಿಸಬೇಕು, ಮತ್ತೆ ಮುಳ್ಳು ಇಡಬೇಕು. ಇದನ್ನು ತೊಂದರೆ ಅನ್ನುವವರು ಇದ್ದಾರೆ. ನನಗೆ ಅದೇ ಇಷ್ಟ. ಒಂದು ಹಾಡಿಗೆ ಒಂದು ಸಲ ಏಳೋದು ಆ ಹಾಡಿಗೆ ಕೊಡೋ ಮರ್ಯಾದೆ ಅನ್ನಿಸುತ್ತದೆ.

ನಮ್ಮ ಮನೆಯಲ್ಲೂ ಏಳು ಇಂಚಿನವು ಇದ್ದವು. ಆದರೆ ಅವು ಇಪಿ. ಕನ್ನಡ ಸಿನಿಮಾದ ಎರಡು ಹಾಡು ಆ ಕಡೆ, ಎರಡು ಈ ಕಡೆ. ಪಿ.ಬಿ. ಶ್ರೀನಿವಾಸ್ ಅಂದರೆ ಅಪ್ಪನಿಗೆ ಪ್ರಾಣ. ಆ ಇಪಿಗಳಲ್ಲಿ ಬಿ ಸೈಡಿಗೆ ಒಂದು ಬೇರೆ ಜೀವ ಇರಲಿಲ್ಲ, ಸಿನಿಮಾದಲ್ಲಿ ಉಳಿದ ಹಾಡು ಅಲ್ಲಿ ಬರುತ್ತಿತ್ತು ಅಷ್ಟೆ. ಇಂಗ್ಲೆಂಡಿನ ಸಿಂಗಲ್ ಬೇರೆ ಥರ. ಅಲ್ಲಿ ಹಾಡನ್ನು ಸಿಂಗಲ್‌ಗೆ ಅಂತಲೇ ಬರೆಯುತ್ತಿದ್ದರು. ಬೀಟಲ್ಸ್‌ನವರ ಎಷ್ಟೋ ಸಿಂಗಲ್‌ಗಳು ಅವರ ಎಲ್‌ಪಿಗಳಲ್ಲಿ ಸೇರಲೇ ಇಲ್ಲ. 1967ರ ಫೆಬ್ರವರಿಯಲ್ಲಿ ಬಂದ ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’, ‘ಪೆನಿ ಲೇನ್’ ಎರಡೂ ಅದೇ ವರ್ಷದ ‘ಸಾರ್ಜೆಂಟ್ ಪೆಪರ್’ ಎಲ್‌ಪಿಯಲ್ಲಿ ಇಲ್ಲ. ಅಂಥ ಎರಡು ಹಾಡನ್ನು ಹೊರಗಿಟ್ಟು ಒಂದು ಎಲ್‌ಪಿ ಮಾಡುತ್ತಾರೆ ಅಂದರೆ ಅವರ ಹತ್ತಿರ ಎಷ್ಟು ಹಾಡು ಇದ್ದಿರಬೇಕು ನೋಡಿ.

ಹಾಗಾಗಿ ಎಲ್‌ಪಿ ಎಲ್ಲ ಕೂಡಿಟ್ಟರೂ ಬೀಟಲ್ಸ್ ಪೂರ್ತಿ ಆಗೋದಿಲ್ಲ. ಸಿಂಗಲ್‌ಗಳೇ ಬೇಕು. 60ರ ದಶಕದ ಅಸಲಿ ಪ್ಲೇಟುಗಳನ್ನು ಒಳ್ಳೇ ಸ್ಥಿತಿಯಲ್ಲಿ ಒಂದೊಂದಾಗಿ ಹುಡುಕೋದು ನಮ್ಮಂಥವರಿಗೆ ಆಗೋ ಮಾತಲ್ಲ. ಅದಕ್ಕೇ ಬಾಕ್ಸ್ ಸೆಟ್ಟು. 2019ರ ನವೆಂಬರಿನಲ್ಲಿ ಬಂದದ್ದು ನನ್ನ ಹತ್ತಿರ ಇರೋದು. ಲಿಮಿಟೆಡ್ ಎಡಿಷನ್. ಒಟ್ಟು 23 ಪ್ಲೇಟು. 1962ರಿಂದ 1970ರವರೆಗೆ ಇಂಗ್ಲೆಂಡಿನಲ್ಲಿ ಬಂದ 22 ಸಿಂಗಲ್‌ಗಳು, ಜೊತೆಗೆ 90ರ ದಶಕದ ‘ಫ್ರೀ ಆ್ಯಸ್ ಎ ಬರ್ಡ್’ ಮತ್ತು ‘ರಿಯಲ್ ಲವ್’ ಎರಡನ್ನೂ ಸೇರಿಸಿ ಹೊಸದಾಗಿ ಮಾಡಿದ ಒಂದು ಪ್ಲೇಟು. ಆ್ಯಬಿ ರೋಡ್ ಸ್ಟುಡಿಯೋದಲ್ಲಿ ಷಾನ್ ಮ್ಯಾಗೀ ಅನ್ನೋ ಎಂಜಿನಿಯರ್ ಹಳೇ ಅನಲಾಗ್ ಮಾಸ್ಟರ್ ಟೇಪಿನಿಂದಲೇ ಇವುಗಳ ಗ್ರೂವು, ಅಂದರೆ ಮುಳ್ಳು ಓಡೋ ಗೀರು, ಕೊರೆದಿದ್ದಾರೆ. ಕೆವಿನ್ ಹೌಲೆಟ್ ಬರೆದ 40 ಪುಟದ ಪುಸ್ತಕವೂ ಒಳಗಿದೆ.

ಪ್ರೆಸ್ಸಿನವನ ಕಣ್ಣಿಗೆ ಆ ಬಾಕ್ಸಿನಲ್ಲಿ ಮೊದಲು ಬಿದ್ದದ್ದು ಕವರುಗಳು. 60ರ ದಶಕದ ಇಂಗ್ಲೆಂಡಿನಲ್ಲಿ ಸಿಂಗಲ್‌ಗೆ ಸಾಮಾನ್ಯವಾಗಿ ಫೋಟೋ ಕವರ್ ಇರುತ್ತಿರಲಿಲ್ಲ. ನಡುವೆ ತೂತಿದ್ದ ಕಂಪನಿ ಕವರ್, ಅದರಲ್ಲಿ ಲೇಬಲ್ ಕಾಣುತ್ತಿತ್ತು, ಅಷ್ಟೇ. ಬೇರೆ ದೇಶದವರು ತಮ್ಮ ತಮ್ಮ ಊರಿನ ಪ್ರೆಸ್ಸುಗಳಲ್ಲಿ ತಾವೇ ಕವರ್ ಅಚ್ಚು ಹಾಕಿಸಿಕೊಳ್ಳುತ್ತಿದ್ದರು. ಈ ಬಾಕ್ಸಿಗೆ ಅಂಥ ಬೇರೆ ಬೇರೆ ದೇಶದ ಹಳೇ ಕವರುಗಳನ್ನು ಆರಿಸಿ ಮತ್ತೆ ಅಚ್ಚು ಮಾಡಿಸಿದ್ದಾರೆ. ಅದೇ ನಾಲ್ಕು ಮುಖ, ಆದರೆ ಒಂದೊಂದು ದೇಶದ ಕೈ ಒಂದೊಂದು ಥರ. ಒಬ್ಬ ಫೋಟೋವನ್ನು ಕಿವಿಯವರೆಗೆ ಕತ್ತರಿಸಿದ್ದಾನೆ. ಇನ್ನೊಬ್ಬ ಹೆಸರನ್ನು ಎಷ್ಟು ದಪ್ಪ ಅಕ್ಷರದಲ್ಲಿ ಹಾಕಿದ್ದಾನೆ ಅಂದರೆ ಫೋಟೋಗೆ ಜಾಗವೇ ಉಳಿದಿಲ್ಲ. ಹಳೇ ಅಚ್ಚಿನಿಂದ ಸ್ಕ್ಯಾನ್ ಮಾಡಿ ಹೊಸ ಅಚ್ಚು ಹಾಕೋದು ಸುಲಭದ ಕೆಲಸ ಅಲ್ಲ. ಅಚ್ಚಾದ ಫೋಟೋ ಅಂದರೆ ಸಣ್ಣ ಸಣ್ಣ ಚುಕ್ಕಿ, ಅದನ್ನೇ ನಾವು ಸ್ಕ್ರೀನು ಅನ್ನೋದು. ಹಳೇ ಸ್ಕ್ರೀನಿನ ಚುಕ್ಕಿ ಮೇಲೆ ಹೊಸ ಸ್ಕ್ರೀನಿನ ಚುಕ್ಕಿ ಕೂತು, ಮುಖದ ಮೇಲೆಲ್ಲ ಜಾಲರಿ ಬಂದುಬಿಡುತ್ತದೆ. ನಾವು ಹಳೇ ದೇವರ ಪಟ ಮರುಮುದ್ರಣ ಮಾಡುವಾಗ ಇದೇ ತಲೆನೋವು. ಈ ಬಾಕ್ಸಿನಲ್ಲಿ ಆ ಜಾಲರಿಯನ್ನು ಹತ್ತಿರ ಬರಲು ಬಿಟ್ಟಿಲ್ಲ. ಯಾರೋ ಒಬ್ಬ ಒಳ್ಳೇ ಪ್ರಿಂಟರು ಕಂಪ್ಯೂಟರ್ ಮುಂದೆ ರಾತ್ರಿಗಟ್ಟಲೆ ಕೂತಿದ್ದಾನೆ ಅಂತ ನನಗೆ ಗೊತ್ತಾಗುತ್ತದೆ.

ಬಾಕ್ಸು ನಮ್ಮ ಮನೆಗೆ ಬರುವಾಗ ಒಂದು ಮೂಲೆ ಜಜ್ಜಿಹೋಗಿತ್ತು. ಸಾಗಿಸಿದವರು ತಲೆಕೆಳಗು ಬೀಳಿಸಿದ್ದರೋ ಏನೋ. ಒಳಗಿನ ಪ್ಲೇಟುಗಳಿಗೆ ಏನೂ ಆಗಿರಲಿಲ್ಲ. ವಾಪಸ್ ಕಳಿಸೋ ಮಾತೇ ಇರಲಿಲ್ಲ, ಕಳಿಸಿದರೆ ಇನ್ನೊಂದು ಸಿಗುತ್ತದೆ ಅನ್ನೋ ಭರವಸೆ ಯಾರೂ ಕೊಡಲಿಲ್ಲ. ನಮ್ಮ ಪ್ರೆಸ್ಸಿನಲ್ಲಿ ಅಪ್ಪನ ಕಾಲದಿಂದ ಇರೋ ಬೈಂಡರ್ ಒಬ್ಬರಿದ್ದಾರೆ. ನಾವೆಲ್ಲ ಚಾಚಾ ಅನ್ನುತ್ತೇವೆ. ಅವರು ಮೂಲೆಯನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿ, “ಬೋರ್ಡು ಸತ್ತಿಲ್ಲ ಸಾರ್, ಪದರ ಬಿಟ್ಕೊಂಡಿದೆ ಅಷ್ಟೆ” ಅಂದರು. ಬೈಂಡಿಂಗ್ ಅಂಟಿಗೆ ಸ್ವಲ್ಪ ನೀರು ಬೆರೆಸಿ ತೆಳು ಮಾಡಿದರು. ಇಂಜೆಕ್ಷನ್ ಸಿರಿಂಜಿಗೆ ಎಳೆದುಕೊಂಡು ಬಿಟ್ಟುಕೊಂಡ ಪದರಗಳ ನಡುವೆ ಒಂದೊಂದೇ ಹನಿ ಬಿಟ್ಟರು. ಒಳಗೊಂದು ಹೊರಗೊಂದು ಬಟರ್ ಪೇಪರ್, ಅದರ ಮೇಲೆ ಮರದ ತುಂಡು, ಮೇಲೆ ಕ್ಲಾಂಪು. ಬೆಳಗ್ಗೆ ಬಿಚ್ಚಿದಾಗ ಮೂಲೆ ಮತ್ತೆ ಮೂಲೆಯಾಗಿ ನಿಂತಿತ್ತು. ಬಣ್ಣ ಎದ್ದುಹೋದ ಕಡೆ ನಾನು ಆಫ್‌ಸೆಟ್ ಇಂಕು ಕಲೆಸಿ, ಹಲ್ಲುಕಡ್ಡಿ ತುದಿಯಲ್ಲಿ ತುಂಬಿದೆ. ಆ ಮೂಲೆ ಈಗ ನನಗೆ ಮಿಕ್ಕ ಮೂರು ಮೂಲೆಗಿಂತ ಜಾಸ್ತಿ ಇಷ್ಟ.

ಸುತ್ತಿದ ಪ್ಲಾಸ್ಟಿಕ್ ಬಿಚ್ಚದೆ ಹಾಗೇ ಇಡುವವರೂ ಇದ್ದಾರೆ. ಸೀಲ್ ಒಡೆಯದಿದ್ದರೆ ಮುಂದೆ ಬೆಲೆ ಬರುತ್ತದೆ ಅನ್ನೋದು ಲೆಕ್ಕ. ನನಗೆ ಇದು ಒಪ್ಪಿಗೆ ಇಲ್ಲ. ಲಿಮಿಟೆಡ್ ಎಡಿಷನ್ ಅನ್ನೋದು ಮುಚ್ಚಿಡೋದಕ್ಕೆ ಹುಟ್ಟಿದ್ದಲ್ಲ. ಅದು ಶುರುವಾದದ್ದೇ ಕೇಳುವವರಿಗೋಸ್ಕರ. 1931ರಲ್ಲಿ ಲಂಡನ್ನಿನ ಎಚ್‌ಎಂವಿಯಲ್ಲಿ ವಾಲ್ಟರ್ ಲೆಗ್ ಅನ್ನೋರು ಹ್ಯೂಗೋ ವುಲ್ಫ್ ಎಂಬ ಸಂಗೀತಗಾರನ ಹಾಡುಗಳ ಪ್ಲೇಟು ತರಬೇಕು ಅಂತ ಹೊರಟರು. ಅಂಗಡಿಯಲ್ಲಿ ಇಟ್ಟರೆ ಓಡೋ ಮಾಲಲ್ಲ ಅದು. 500 ಜನ ಮೊದಲೇ ಚಂದಾ ಕಟ್ಟಿದರೆ ಮಾಡುತ್ತೇವೆ ಅಂತ ಕೇಳಿಕೊಂಡರು. ಜನ ಕಟ್ಟಿದರು, ಪ್ಲೇಟು ಬಂತು. ಎಷ್ಟು ಕಿವಿ ಇವೆಯೋ ಅಷ್ಟು ಪ್ಲೇಟು. ನನ್ನ ಪ್ರಕಾರ ಲಿಮಿಟೆಡ್ ಅನ್ನೋದಕ್ಕೆ ಅದೇ ಸರಿಯಾದ ಅರ್ಥ.

ಈ ಕಥೆಯಲ್ಲಿ ಮೈಸೂರೂ ಬರುತ್ತದೆ, ಗೊತ್ತಾ? ನಮ್ಮ ಜಯಚಾಮರಾಜೇಂದ್ರ ಒಡೆಯರು ಪಾಶ್ಚಾತ್ಯ ಸಂಗೀತದ ದೊಡ್ಡ ರಸಿಕರು. ನಿಕೊಲಾಯ್ ಮೆಡ್ಟ್ನರ್ ಅಂತ ರಷ್ಯಾದ ಸಂಗೀತಗಾರ, ವಯಸ್ಸಾದ ಮೇಲೆ ಲಂಡನ್ನಿನಲ್ಲಿ ಕಷ್ಟದಲ್ಲಿದ್ದ. ಅವನ ಸಂಗೀತ ಅವನ ಕೈಯಲ್ಲೇ ನುಡಿಸಿ ರೆಕಾರ್ಡ್ ಆಗಬೇಕು ಅಂತ 1940ರ ದಶಕದ ಕೊನೆಯಲ್ಲಿ ಒಡೆಯರು ದುಡ್ಡು ಕೊಟ್ಟು ಮೆಡ್ಟ್ನರ್ ಸೊಸೈಟಿ ಹೆಸರಿನಲ್ಲಿ ಎಚ್‌ಎಂವಿಯಿಂದ ಪ್ಲೇಟುಗಳ ಸಂಪುಟಗಳನ್ನು ಹೊರತರಿಸಿದರು. ಮೆಡ್ಟ್ನರ್ ತನ್ನ ಮೂರನೇ ಪಿಯಾನೋ ಕಾನ್ಸರ್ಟೊವನ್ನು ನಮ್ಮ ಮಹಾರಾಜರಿಗೇ ಅರ್ಪಿಸಿದ. ಎಚ್‌ಎಂವಿ ಅಂದರೆ ಇಎಂಐ ಕಂಪನಿಯ ಲೇಬಲ್ಲು. ಬೀಟಲ್ಸ್‌ನ ಪಾರ್ಲೊಫೋನ್ ಕೂಡ ಅದೇ ಇಎಂಐದು. ಅರಮನೆ ಮುಂದೆ ಸ್ಕೂಟರಿನಲ್ಲಿ ಹೋಗುವಾಗೆಲ್ಲ ನನಗೆ ಇದು ನೆನಪಾಗುತ್ತದೆ. ರಸಿಕ ಒಬ್ಬ ಮನಸ್ಸು ಮಾಡಿದರೆ ಸಂಗೀತ ಉಳಿಯುತ್ತದೆ. ನಮ್ಮ ಊರಿನ ದೊರೆ ಅಂಥ ರಸಿಕ ಆಗಿದ್ದರು ಅನ್ನೋದು ನನಗೆ ದೊಡ್ಡ ಹೆಮ್ಮೆ.

ಸರಿ, ಬಿ ಸೈಡಿಗೆ ಬರೋಣ.

1966ರ ಜೂನಿನ ‘ಪೇಪರ್‌ಬ್ಯಾಕ್ ರೈಟರ್’ ಎಲ್ಲರಿಗೂ ಗೊತ್ತು. ತಿರುಗಿಸಿದರೆ ‘ರೇನ್’. ತಾಳವಾದ್ಯ, ಗಿಟಾರು ಎಲ್ಲ ವೇಗವಾಗಿ ನುಡಿಸಿ ಟೇಪು ಮಾಡಿ, ಆಮೇಲೆ ಟೇಪಿನ ವೇಗ ಕಡಿಮೆ ಮಾಡಿದ್ದಾರೆ. ಅದಕ್ಕೇ ಡ್ರಮ್ಮಿಗೆ ಒಂದು ಭಾರ ಬಂದಿದೆ. ಕೊನೆಯಲ್ಲಿ ತಂಡದ ಜಾನ್ ಲೆನನ್ ದನಿ ಹಿಂದುಮುಂದಾಗಿ ಬರುತ್ತದೆ. ಜೂನ್ ಜುಲೈನಲ್ಲಿ ಕುವೆಂಪುನಗರದ ನಮ್ಮ ಮನೆ ಶೀಟಿನ ಮೇಲೆ ಮಳೆ ಬೀಳುವಾಗ ಇದನ್ನು ಹಾಕಬೇಕು ನೀವು. 1967ರ ‘ಹಲೋ ಗುಡ್‌ಬೈ’ ಹಿಂದೆ ‘ಐ ಆ್ಯಮ್ ದಿ ವಾಲ್ರಸ್’. 1968ರ ‘ಹೇ ಜೂಡ್’ ಹಿಂದೆ ‘ರೆವಲ್ಯೂಷನ್’. ಇವೆಲ್ಲ ಬಿ ಸೈಡು ಅಂದರೆ ನಂಬೋಕಾಗುತ್ತಾ? ‘ಲೆಟ್ ಇಟ್ ಬಿ’ ಹಿಂದೆ ‘ಯು ನೋ ಮೈ ನೇಮ್’ ಅಂತ ಒಂದು ಹಾಡಿದೆ. ಅದರಲ್ಲಿ ಸ್ಯಾಕ್ಸೊಫೋನ್ ನುಡಿಸಿರೋದು ಇಂಗ್ಲೆಂಡಿನದೇ ಇನ್ನೊಂದು ತಂಡ ರೋಲಿಂಗ್ ಸ್ಟೋನ್ಸ್‌ನ ಬ್ರಯಾನ್ ಜೋನ್ಸ್. 1967ರಲ್ಲಿ ನುಡಿಸಿದ್ದು 1970ರಲ್ಲಿ ಹೊರಬಂತು. ಅಷ್ಟರಲ್ಲಿ ಆತ ತೀರಿಕೊಂಡಿದ್ದ.

ದುಡ್ಡಿನ ವಿಷಯವೂ ಇದೆ. ಒಂದು ಸಿಂಗಲ್ ಮಾರಾಟ ಆದರೆ ಎ ಸೈಡ್ ಬರೆದವನಿಗೆ ಎಷ್ಟು ರಾಯಲ್ಟಿಯೋ ಬಿ ಸೈಡ್ ಬರೆದವನಿಗೂ ಅಷ್ಟೇ. ಜನ ಕೇಳಲಿ, ಬಿಡಲಿ. ಲೆನನ್, ಪಾಲ್ ಮೆಕಾರ್ಟ್ನಿ ಇಬ್ಬರೇ ಎರಡು ಬದಿಯನ್ನೂ ತುಂಬುತ್ತಿದ್ದಾಗ ತಂಡದ ಇನ್ನೊಬ್ಬ ಜಾರ್ಜ್ ಹ್ಯಾರಿಸನ್‌ಗೆ ಸಿಂಗಲ್‌ನಲ್ಲಿ ಜಾಗ ಸಿಕ್ಕಿದ್ದು 1968ರ ಮಾರ್ಚಿನಲ್ಲಿ. ‘ಲೇಡಿ ಮಡೋನಾ’ ಸಿಂಗಲ್‌ನ ಬಿ ಸೈಡು. ಹಾಡಿನ ಹೆಸರು ‘ದಿ ಇನ್ನರ್ ಲೈಟ್’.

ನನ್ನ ಪೂರ್ತಿ ಸಂಗ್ರಹ ಈ ಒಂದು ಬದಿಯ ಸುತ್ತ ಕಟ್ಟಿದ್ದು ಅಂದರೂ ಸರಿ. ಹಾಡಿನ ವಾದ್ಯಗಳೆಲ್ಲ ರೆಕಾರ್ಡ್ ಆಗಿದ್ದು ಬೊಂಬಾಯಿಯಲ್ಲಿ, ಎಚ್‌ಎಂವಿ ಸ್ಟುಡಿಯೋದಲ್ಲಿ, 1968ರ ಜನವರಿಯಲ್ಲಿ. ಹ್ಯಾರಿಸನ್ ಒಂದು ಸಿನಿಮಾ ಸಂಗೀತಕ್ಕೆ ಅಂತ ಬಂದಿದ್ದ. ಸರೋದ್ ಆಶಿಷ್ ಖಾನ್ ಅವರದು, ಕೊಳಲು ಹರಿಪ್ರಸಾದ್ ಚೌರಾಸಿಯಾ ಅವರದು. ಆಮೇಲೆ ಫೆಬ್ರವರಿಯಲ್ಲಿ ಲಂಡನ್ನಿಗೆ ಹೋಗಿ ದನಿ ಸೇರಿಸಿದರು. ಸಾಹಿತ್ಯ ಚೀನಾದ ‘ತಾವೊ ತೆ ಚಿಂಗ್’ನಿಂದ ಬಂದದ್ದು. ಅದನ್ನು ಹಾಡು ಮಾಡು ಅಂತ ಹ್ಯಾರಿಸನ್‌ಗೆ ಹೇಳಿದವರು ಹ್ವಾನ್ ಮಸ್ಕರೊ, ಕೇಂಬ್ರಿಜ್‌ನಲ್ಲಿ ಸಂಸ್ಕೃತ ಕಲಿಸುತ್ತಿದ್ದವರು, ಭಗವದ್ಗೀತೆಯನ್ನು ಇಂಗ್ಲಿಷಿಗೆ ತಂದವರು. ಪ್ಲೇಟು ಅಂಗಡಿಗೆ ಬರುವಾಗ ಬೀಟಲ್ಸ್ ಹೃಷಿಕೇಶದಲ್ಲಿದ್ದರು. ತಾವು ಊರಲ್ಲಿ ಇಲ್ಲದಾಗ ಅಭಿಮಾನಿಗಳಿಗೆ ಒಂದು ಸಿಂಗಲ್ ಇರಲಿ ಅಂತ ಹೊರಡೋ ಮುಂಚೆ ಮುಗಿಸಿಟ್ಟಿದ್ದರು. ಮುಂದೆ ಹತ್ತು ವರ್ಷ ಇದು ಯಾವ ಬೀಟಲ್ಸ್ ಎಲ್‌ಪಿಯಲ್ಲೂ ಬರಲಿಲ್ಲ. ಕೇಳಬೇಕು ಅಂದರೆ ಆ ಏಳು ಇಂಚನ್ನೇ ತಿರುಗಿಸಬೇಕಿತ್ತು.

ಇದರ ಇಂಡಿಯಾ ಪ್ಲೇಟು ನನಗೆ ಸಿಕ್ಕಿದ್ದು ಮಂಡ್ಯದಲ್ಲಿ. ಒಬ್ಬರು ಅಜ್ಜಿ ಮೊಮ್ಮಗನ ಗೃಹಪ್ರವೇಶದ ಪತ್ರಿಕೆ ಮಾಡಿಸಲು ಬಂದಿದ್ದರು. ನಮ್ಮ ಟೇಬಲ್ ಮೇಲೆ ಪ್ಲೇಟು ನೋಡಿ, “ಇಂಥವು ನಮ್ಮನೇಲೂ ಒಂದ್ ಡಬ್ಬ ಅವೆ ಕಣಪ್ಪ, ನಮ್ ಯಜಮಾನ್ರು ಬೊಂಬಾಯಲ್ಲಿ ಕೆಲ್ಸಕ್ಕಿದ್ದಾಗ ತಂದಿದ್ರು, ಎಲ್ಲಾ ಇಂಗ್ಲಿಷು” ಅಂದರು. ಪತ್ರಿಕೆ ಕೊಡುವ ನೆಪದಲ್ಲಿ ನಾನೇ ಹೋದೆ. ಮಂಚದ ಕೆಳಗಿನಿಂದ ಬಿಸ್ಕತ್ ಡಬ್ಬ ಎಳೆದರು. ಒಳಗೆ ಒಂದರ ಮೇಲೊಂದು ಮಲಗಿಸಿಟ್ಟ 45ಗಳು. ಕವರ್ ಎಲ್ಲ ಹುಳ ತಿಂದು ಜರಡಿ. ನಡುವೆ ‘ಲೇಡಿ ಮಡೋನಾ’, ಕಪ್ಪು ಪಾರ್ಲೊಫೋನ್ ಲೇಬಲ್ಲು, ಕಲ್ಕತ್ತಾದ ಡಮ್ ಡಮ್ ಫ್ಯಾಕ್ಟರಿಯ ಮಾಲು.

ಬ್ಯಾಟರಿಯಲ್ಲಿ ಓಡೋ ಸಣ್ಣ ಪ್ಲೇಯರ್ ಜೊತೆಗೇ ಒಯ್ದಿದ್ದೆ. ಅಲ್ಲೇ ನೆಲದ ಮೇಲೆ ಇಟ್ಟು ಬಿ ಸೈಡ್ ಹಾಕಿದೆ. ಮೊದಲು ಕರಕರ ಅಂತ ಸದ್ದು, ಆಮೇಲೆ ವಾದ್ಯಗಳೆಲ್ಲ ಒಟ್ಟಿಗೆ ಎದ್ದವು. ಕೊಳಲು ಬಂದಾಗ ಅಜ್ಜಿ ಅಡಿಕೆ ಕತ್ತರಿ ಕೆಳಗಿಟ್ಟರು. “ಇದ್ಯಾಕಪ್ಪ ದೇವ್ರ ಹಾಡಿದ್ದಂಗದೆ? ಇಂಗ್ಲಿಷು ಅಂದ್ಕಂಡಿದ್ನಲ್ಲ” ಅಂದರು. ಕೊಳಲು ನುಡಿಸಿರೋದು ನಮ್ಮ ಚೌರಾಸಿಯಾ ಅವ್ರು ಅಜ್ಜಿ, ಬೊಂಬಾಯಲ್ಲೇ ನುಡಿಸಿದ್ದು ಅಂದೆ. ಇನ್ನೊಂದು ಸಲ ಹಾಕು ಅಂದರು. ಮೂರನೇ ಸಲವೂ ಹಾಕಿಸಿಕೊಂಡರು. ಎ ಸೈಡು ಕೇಳಲೇ ಇಲ್ಲ. ಪ್ಲೇಟಿಗೆ ದುಡ್ಡು ಕೊಡಲು ಹೋದರೆ, “ದುಡ್ಡೆಲ್ಲ ಬ್ಯಾಡ, ಹುಳ ತಿನ್ನಾಕೆ ಮುಂಚೆ ನೀನು ತಗಂಡೋಗು, ಕೇಳ್ಬೇಕು ಅನ್ನಿಸ್ದಾಗ ತಂದು ಹಾಕು” ಅಂದರು. ಆ ಕಡೆ ಕೆಲಸ ಬಿದ್ದಾಗೆಲ್ಲ ತೆಗೆದುಕೊಂಡು ಹೋಗುತ್ತೇನೆ.

ಡಮ್ ಡಮ್ ಪ್ಲೇಟನ್ನೂ 2019ರ ಪ್ಲೇಟನ್ನೂ ಒಂದಾದ ಮೇಲೆ ಒಂದು ಹಾಕಿ ಕೇಳಿದ್ದೇನೆ. ಹೊಸದರಲ್ಲಿ ಸರೋದಿನ ತಂತಿ ಸ್ಪಷ್ಟ, ಹಿಂದೆ ಸದ್ದೇ ಇಲ್ಲ. ಹಳೆಯದರಲ್ಲಿ ಗದ್ದಲ ಜಾಸ್ತಿ, ಆದರೆ ಹಾಡು ಒಂದು ಹೆಜ್ಜೆ ಮುಂದೆ ಬಂದು ನಿಲ್ಲುತ್ತದೆ. ಎರಡೂ ಬೇಕು. ಎರಡೂ ಮಾನೊ, ಅಂದರೆ ಸದ್ದೆಲ್ಲ ಒಟ್ಟಾಗಿ ಒಂದೇ ಕಡೆಯಿಂದ ಬರೋದು, ಅನ್ನೋದು ಮುಖ್ಯ. ಇಂಗ್ಲೆಂಡಿನಲ್ಲಿ ಬೀಟಲ್ಸ್ ಸಿಂಗಲ್‌ಗಳು 1969ರ ‘ಗೆಟ್ ಬ್ಯಾಕ್’ವರೆಗೂ ಮಾನೊ. ಅದರ ಮುಂದಿನ ‘ದಿ ಬ್ಯಾಲಡ್ ಆಫ್ ಜಾನ್ ಆ್ಯಂಡ್ ಯೋಕೊ’ ಮೊದಲ ಸ್ಟೀರಿಯೊ ಸಿಂಗಲ್. ಅಷ್ಟು ವರ್ಷ ಅವರು ಕೂತು ಮಿಕ್ಸ್ ಮಾಡಿದ್ದು ಒಂದು ಸ್ಪೀಕರಿಗೆ. ನಡುವಿನಿಂದ ಗಟ್ಟಿಯಾಗಿ ಬರುವ ಆ ಸದ್ದನ್ನು ಕೇಳಿದ ಮೇಲೆ, ದನಿ ಒಂದು ಕಿವಿಗೆ ವಾದ್ಯ ಇನ್ನೊಂದು ಕಿವಿಗೆ ಅನ್ನೋ ಹಳೇ ಸ್ಟೀರಿಯೊ ನನಗೆ ಹಿಡಿಸೋದಿಲ್ಲ.

ಡಮ್ ಡಮ್ ಅಂದೆನಲ್ಲ, ಅಲ್ಲಿಂದ ಇನ್ನೊಂದು ಅಪರೂಪದ ಮಾಲು ಬಂದಿದೆ. ಬೀಟಲ್ಸ್ ಹಾಡುಗಳನ್ನು 78 ಸುತ್ತಿನ ಪ್ಲೇಟಿನಲ್ಲಿ ತಂದಿದ್ದರು. ಇಂಗ್ಲೆಂಡು, ಅಮೆರಿಕದಲ್ಲಿ ಆ ಹೊತ್ತಿಗೆ 78 ಮುಗಿದುಹೋಗಿತ್ತು. ನಮ್ಮಲ್ಲಿ ಕರೆಂಟಿಲ್ಲದ ಮನೆಗಳಲ್ಲಿ ಕೀ ಕೊಟ್ಟು ತಿರುಗಿಸೋ ಗ್ರಾಮಫೋನ್ ಇನ್ನೂ ಓಡುತ್ತಿತ್ತಲ್ಲ, ಅದಕ್ಕೆ ಬೇಕಿತ್ತು. ಆ ಪ್ಲೇಟು ವಿನೈಲ್ ಅಲ್ಲ, ಅರಗು. ಚನ್ನಪಟ್ಟಣದ ಬೊಂಬೆಗೆ ಬಣ್ಣ ಹಚ್ಚುತ್ತಾರಲ್ಲ, ಅದೇ ಅರಗಿನಿಂದ ಮಾಡೋ ಷೆಲ್ಲಾಕ್. ಪ್ರಪಂಚದ ಎಲ್ಲ ಕಡೆಯ ಬೀಟಲ್ಸ್ ಸಂಗ್ರಾಹಕರು ಈ ಇಂಡಿಯಾ 78ಕ್ಕೆ ಬಾಯಿಬಿಡುತ್ತಾರೆ. ನನ್ನ ಹತ್ತಿರ ಒಂದೂ ಇಲ್ಲ. ಬೆಂಗಳೂರಿನಲ್ಲಿ ಒಬ್ಬರ ಮನೆಯಲ್ಲಿ ಕೈಯಲ್ಲಿ ಹಿಡಿದು ನೋಡಿದ್ದೇನೆ. ಕಲ್ಲಿನ ಬಿಲ್ಲೆ ಹಿಡಿದಷ್ಟು ತೂಕ.

ಪ್ಲೇಟು ಕೈಗೆ ಬಂದಾಗ ನಾನು ಲೇಬಲ್ ಓದಿದ ಮೇಲೆ ಲೇಬಲ್‌ಗೂ ಗ್ರೂವಿಗೂ ನಡುವಿನ ಖಾಲಿ ಜಾಗ ನೋಡುತ್ತೇನೆ. ಟಾರ್ಚ್ ಓರೆಯಾಗಿ ಹಿಡಿದರೆ ಅಲ್ಲಿ ಸಣ್ಣ ಅಕ್ಷರ ಕಾಣುತ್ತದೆ. ಇಂಗ್ಲೆಂಡಿನ ಇಎಂಐ ಪ್ಲೇಟಿನಲ್ಲಿ ಲೇಬಲ್‌ನ ಒಂದು ಪಕ್ಕ ಒಂದೋ ಎರಡೋ ಮೂರೋ ಇಂಗ್ಲಿಷ್ ಅಕ್ಷರ ಕೊರೆದಿರುತ್ತಾರೆ. ಅದು ಲೆಕ್ಕ. ಜಿ, ಆರ್, ಎ, ಎಂ, ಓ, ಪಿ, ಎಚ್, ಎಲ್, ಟಿ, ಡಿ. ಗ್ರಾಮಫೋನ್ ಲಿಮಿಟೆಡ್ ಅನ್ನೋದರ ಅಕ್ಷರಗಳು. ಜಿ ಅಂದರೆ 1, ಆರ್ ಅಂದರೆ 2, ಹಾಗೇ ಮುಂದೆ, ಡಿ ಅಂದರೆ ಸೊನ್ನೆ. ಆ ಪ್ಲೇಟು ಎಷ್ಟನೇ ಸ್ಟ್ಯಾಂಪರಿನಿಂದ ಬಂದಿದೆ ಅಂತ ಅದು ಹೇಳುತ್ತದೆ. ಸ್ಟ್ಯಾಂಪರ್ ಅಂದರೆ ಬಿಸಿ ವಿನೈಲನ್ನು ಒತ್ತೋ ಲೋಹದ ಅಚ್ಚು. ಒತ್ತಿ ಒತ್ತಿ ಸವೆದ ಮೇಲೆ ಇನ್ನೊಂದು ಹಾಕುತ್ತಾರೆ. ನಮ್ಮ ಆಫ್‌ಸೆಟ್ ಪ್ಲೇಟೂ ಹಾಗೇ ಸವೆಯುತ್ತದೆ, ಅದಕ್ಕೇ ಇರಬೇಕು ನನಗೆ ಇದರ ಮೇಲೆ ಇಷ್ಟು ಪ್ರೀತಿ. ಒಂದೇ ಅಕ್ಷರ ಇದ್ದರೆ ಮೊದಮೊದಲಿನ ಪ್ಲೇಟು. ಎರಡು, ಮೂರು ಅಕ್ಷರ ಇದ್ದರೆ ಆ ಸಿಂಗಲ್ ಎಷ್ಟು ಓಡಿತ್ತು ಅಂತ ಅಂದಾಜು ಸಿಗುತ್ತದೆ.

ಅಚ್ಚಿನ ವಿಷಯ ಬಂತಲ್ಲ, ‘ಲವ್ ಮಿ ಡು’ ಕಥೆ ಹೇಳಲೇಬೇಕು. 1962ರ ಅಕ್ಟೋಬರ್ 5ಕ್ಕೆ ಬಂದ ಮೊದಲ ಸಿಂಗಲ್, ಕೆಂಪು ಲೇಬಲ್ಲು. ಅದಕ್ಕೂ ಮುಂಚೆ ರೇಡಿಯೋದವರಿಗೆ ಅಂತ 250 ಡೆಮೊ ಪ್ಲೇಟು ಮಾಡಿದ್ದರು. ಅದರಲ್ಲಿ ಮೆಕಾರ್ಟ್ನಿ ಹೆಸರಿನಲ್ಲಿ ಒಂದು ಅಕ್ಷರ ಬಿಟ್ಟುಹೋಗಿದೆ. ಇವತ್ತು ಆ ಪ್ಲೇಟು ತುಂಬಾ ದುಬಾರಿ. ನಮ್ಮ ಕೆಲಸದಲ್ಲಿ ಮದುಮಗಳ ಹೆಸರಿನಲ್ಲಿ ಒಂದು ಒತ್ತು ಹೋದರೂ ಇಡೀ ಲಾಟು ಮತ್ತೆ ಹಾಕಿಕೊಡಬೇಕು. ಇದೇ ಹಾಡಿಗೆ 2012ರಲ್ಲಿ ಐವತ್ತು ತುಂಬಿತು ಅಂತ ಹೊಸ ಪ್ಲೇಟು ತಂದಾಗ, ತಂಡದ ರಿಂಗೊ ಸ್ಟಾರ್ ಡ್ರಮ್ಸ್ ಬಾರಿಸಿದ ಟೇಕಿನ ಬದಲು ಹೊರಗಿನಿಂದ ಕರೆಸಿದ್ದ ಆ್ಯಂಡಿ ವೈಟ್ ಬಾರಿಸಿದ್ದು ಹಾಕಿಬಿಟ್ಟು, ವಾಪಸ್ ತರಿಸಿಕೊಂಡರು. ಆಗಲೇ ಕೈಬಿಟ್ಟು ಹೋಗಿದ್ದವು ಈಗ ಸಂಗ್ರಾಹಕರ ಪಾಲು.

ರೋಲಿಂಗ್ ಸ್ಟೋನ್ಸ್‌ನವರದೂ ಇಂಥದೇ ಬಾಕ್ಸ್ ಬಂದಿದೆ. 1963ರಿಂದ 1966ರವರೆಗಿನದು 2022ರಲ್ಲಿ, 1966ರಿಂದ 1971ರವರೆಗಿನದು 2024ರಲ್ಲಿ. ಒಂದೊಂದರಲ್ಲೂ 18 ಪ್ಲೇಟು. ನನ್ನ ಹತ್ತಿರ ಮೊದಲನೆಯದು ಇದೆ, ಎರಡನೆಯದಕ್ಕೆ ದುಡ್ಡು ಕೂಡಿಸುತ್ತಿದ್ದೇನೆ. ಅದೂ ಒಂದು ಬಿ ಸೈಡಿಗೇ. 1969ರ ‘ಹಾಂಕಿ ಟಾಂಕ್ ವಿಮೆನ್’ ಹಿಂದೆ ಇರೋದು ‘ಯು ಕಾಂಟ್ ಆಲ್ವೇಸ್ ಗೆಟ್ ವಾಟ್ ಯು ವಾಂಟ್’. ಅದನ್ನು ಏಳು ಇಂಚಿನಲ್ಲಿ, 45ರ ವೇಗದಲ್ಲಿ ಕೇಳಬೇಕು ನನಗೆ. ಸ್ಟೋನ್ಸ್‌ನವರ ಎರಡನೇ ಸಿಂಗಲ್ ಬರೆದುಕೊಟ್ಟವರು ಲೆನನ್, ಮೆಕಾರ್ಟ್ನಿ ಅನ್ನೋದು ಗೊತ್ತಿರಲಿ. ಎರಡೂ ತಂಡಕ್ಕೂ ಜಗಳ ಅಂತ ಪೇಪರಿನವರು ಬರೆದದ್ದೇ ಜಾಸ್ತಿ.

ಇಷ್ಟು ಬರೆದ ಮೇಲೆ ಮೈಸೂರು, ಮಂಡ್ಯ ಕಡೆಯವರಿಗೆ ಒಂದು ಮಾತು. ನಿಮ್ಮ ಮನೆ ಅಟ್ಟದಲ್ಲಿ, ಮಂಚದ ಕೆಳಗೆ ಹಳೇ ಪ್ಲೇಟು ಇದ್ದರೆ ಗುಜರಿಗೆ ಹಾಕುವ ಮುಂಚೆ ಒಂದು ಸಲ ನೋಡಿ. ಮಲಗಿಸಿ ಪೇರಿಸಬೇಡಿ, ನೆಟ್ಟಗೆ ನಿಲ್ಲಿಸಿ. ಮಳೆಗಾಲದಲ್ಲಿ ಕವರಿಗೆ ಬೂಷ್ಟು ಬರುತ್ತದೆ, ಬಿಸಿಲಿಗೆ ಇಡಬೇಡಿ, ಪ್ಲೇಟು ಬಾಗುತ್ತದೆ. ಫ್ಯಾನಿನ ಗಾಳಿ ಸಾಕು. ಮಂದವಾದ ಪಿವಿಸಿ ಕವರಿನೊಳಗೆ ವರ್ಷಗಟ್ಟಲೆ ಇಟ್ಟರೆ ಪ್ಲೇಟಿನ ಮೇಲೆ ಮಂಜು ಕಟ್ಟಿದಂಥ ಕಲೆ ಉಳಿಯುತ್ತದೆ. ತೆಳು ಪಾಲಿಥೀನ್ ಕವರು ಒಳ್ಳೆಯದು. ವಿನೈಲ್ ಆದರೆ ಡಿಸ್ಟಿಲ್ಡ್ ವಾಟರಿನಲ್ಲಿ ಮೆತ್ತನೆ ಬಟ್ಟೆ ಅದ್ದಿ, ಗ್ರೂವಿನ ಸುತ್ತಿನ ಜೊತೆಗೇ ಒರೆಸಿ, ಅಡ್ಡಡ್ಡ ಬೇಡ. ದಪ್ಪಗೆ, ಭಾರವಾಗಿ, ಬಿದ್ದರೆ ಒಡೆಯುವಂತಿರೋ 78 ಆದರೆ ಮಾತ್ರ ಸ್ಪಿರಿಟ್ಟು, ಸ್ಯಾನಿಟೈಸರ್ ಯಾವುದನ್ನೂ ಹತ್ತಿರ ತರಬೇಡಿ. ಅರಗು ಸ್ಪಿರಿಟ್ಟಿಗೆ ಕರಗುತ್ತದೆ, ಹಾಡೂ ಅದರ ಜೊತೆ ಹೋಗುತ್ತದೆ. ಅದನ್ನು ಎಲ್‌ಪಿ ಮುಳ್ಳಿನಲ್ಲೂ ಹಾಕಬೇಡಿ, 78ಕ್ಕೆ ಬೇರೆ ದಪ್ಪ ಮುಳ್ಳು ಬೇಕು. ಲೇಬಲ್ ಮೇಲೆ ಪಾರ್ಲೊಫೋನ್ ಅಂತ ಇದ್ದರೆ ದಯವಿಟ್ಟು ತಿರುಗಿಸಿ ಆ ಕಡೆ ಯಾವ ಹಾಡಿದೆ ಅಂತ ನನಗೆ ಬರೆದು ತಿಳಿಸಿ.